ತಲಪುವುದು ಬೇರೆ, ಅಡಗುವುದು ಬೇರೆ

ನಮ್ಮ ಕಚೇರಿಗಳಿಂದ ಹೊರಡುವ ಕನ್ನಡದ ಸುತ್ತೋಲೆಗಳು ಇ-ಮೇಲಿನ ಮೂಲಕ ಜನರ ಕೈ ಸೇರುವ ಬಗೆಯನ್ನು ಗಮನವಿಟ್ಟು ನೋಡಿದವರಿಗೆ ಅದರಲ್ಲಿರುವ ವೈಚಿತ್ರ್ಯ ಹೊಳೆಯದೆ ಇರದು. ಕಂಪ್ಯೂಟರಿನಲ್ಲಿಯೇ ಟೈಪಾದ ಬರಹವನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಅದಕ್ಕೆ ಸಹಿಯನ್ನೂ ಮೊಹರನ್ನೂ ಹಾಕಿ, ಆ ಕಾಗದವನ್ನು ಮರಳಿ ಸ್ಕ್ಯಾನ್ ಮಾಡಿ, ಹಾಗೆ ದೊರೆತ ಚಿತ್ರವನ್ನು ಪಿಡಿಎಫ್ ಕಡತವಾಗಿ ಲಗತ್ತಿಸಿ ಕಳುಹಿಸುವುದು ಇಂದು ಅನೇಕ ಕಡೆಗಳಲ್ಲಿ ರೂಢಮೂಲವಾದ ಪದ್ಧತಿ; ಅದನ್ನು ಪಡೆದವನು ಕಣ್ಣಿನಿಂದ ಓದಬಲ್ಲನೇ ಹೊರತು ಅದರೊಳಗಿನ ಒಂದು ಪದವನ್ನು ಹುಡುಕಲಾರ, ಒಂದು ವಾಕ್ಯವನ್ನು ನಕಲು ಮಾಡಿಕೊಳ್ಳಲಾರ, ದೃಷ್ಟಿಹೀನನಾಗಿದ್ದರೆ ತನ್ನ ಯಂತ್ರದಿಂದ ಅದನ್ನು ಸುಲಭವಾಗಿ ಓದಿಸಿಕೊಳ್ಳಲೂ ಆರ. ಇದಕ್ಕೆ ಪ್ರತಿಯಾಗಿ, ಅದೇ ಕಚೇರಿಗೆ ಅರ್ಜಿ ಸಲ್ಲಿಸುವ ನಾಗರಿಕನು ತನ್ನ ಆಧಾರ್ ಕಾರ್ಡಿನ ಪ್ರತಿಯನ್ನೂ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟವನ್ನೂ, ಕೆಲವೊಮ್ಮೆ ಯಾವುದೋ ಖಾತೆಯ ಪಾಸ್‌ವರ್ಡನ್ನು ಸಹ, ಸಾಧಾರಣ ಇ-ಮೇಲಿನಲ್ಲಿ ಯಾವ ಶಂಕೆಯೂ ಇಲ್ಲದೆ ಕಳುಹಿಸಿ ನಿಶ್ಚಿಂತನಾಗುತ್ತಾನೆ. ಸರ್ವರೂ ಓದಲೆಂದು ಬರೆದುದು ಚಿತ್ರದೊಳಗೆ ಬಂದಿಯಾಗಿದೆ. ಒಬ್ಬನ ಹೊರತು ಬೇರಾರೂ ನೋಡಬಾರದುದು ಬಯಲಿನಲ್ಲಿ ಹೋಗುತ್ತಿದೆ.

ಈ ವಿಪರ್ಯಾಸಕ್ಕೆ ಅಲಕ್ಷ್ಯವೊಂದೇ ಕಾರಣವೆಂದು ನಾನು ಭಾವಿಸುವುದಿಲ್ಲ. ಬರಹವೊಂದು ಒಂದಕ್ಷರವೂ ಕೆಡದೆ ತಲಪುವುದು ಒಂದು ಗುಣ, ಅದು ಅನ್ಯರ ಕಣ್ಣಿಗೆ ಬೀಳದೆ ತಲಪುವುದು ಮತ್ತೊಂದು ಗುಣ. ಈ ಎರಡಕ್ಕೂ ಬೇರೆಬೇರೆ ಉಪಾಯಗಳಿವೆಯೆಂಬುದನ್ನೂ, ಒಂದನ್ನು ಸಾಧಿಸಿದ ಮಾತ್ರಕ್ಕೆ ಇನ್ನೊಂದು ತಾನಾಗಿ ಸಿದ್ಧಿಸುವುದಿಲ್ಲವೆಂಬುದನ್ನೂ ನಾವು ಸಾರ್ವಜನಿಕ ವ್ಯವಹಾರದಲ್ಲಿ ಇನ್ನೂ ಮನಗಂಡಿಲ್ಲ. ಅದನ್ನು ಮನಗಾಣಬೇಕಾದರೆ ಇ-ಮೇಲು ನಡೆಯುವ ದಾರಿ ಎಂತಹುದು, ಅದರ ಇಕ್ಕಟ್ಟನ್ನು ಹಿಂದಿನವರು ಯಾವ ಯುಕ್ತಿಯಿಂದ ದಾಟಿದರು ಎಂಬುದನ್ನು ತುಸು ಅರಿತುಕೊಳ್ಳುವುದು ಅವಶ್ಯ.

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಟಪಾಲನ್ನು ಒಯ್ಯುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಅಮೆರಿಕದ ಜಾನಥನ್ ಪೋಸ್ಟೆಲ್ 1982ರಲ್ಲಿ ಬರೆದು ಪ್ರಕಟಿಸಿದಾಗ, ಆ ಮಾರ್ಗದಲ್ಲಿ ಸಂಚರಿಸತಕ್ಕದ್ದು ಇಂಗ್ಲಿಷಿನ ಬರಹವೆಂಬ ಊಹೆ ಅದರ ತಳಹದಿಯಲ್ಲಿಯೇ ಇದ್ದಿತು. ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ಇದ್ದುದು 128 ಸ್ಥಾನಗಳು. ಏಳು ಬಿಟ್ಟುಗಳಲ್ಲಿ ಅವೆಲ್ಲವೂ ಅಡಕವಾಗುತ್ತಿದ್ದುವು. ಬೈಟಿನ ಎಂಟನೆಯ ಬಿಟ್ಟು ಟಪಾಲಿನ ಪಾಲಿಗೆ ಇಲ್ಲದಂತೆಯೇ ಇದ್ದುದರಿಂದ, ಅದನ್ನು ಬಳಸಿದ ಯಾವುದೇ ವಸ್ತು, ಅದು ಫ್ರೆಂಚಿನ ಸ್ವರಚಿಹ್ನೆಯಾಗಲಿ, ಭಾವಚಿತ್ರವಾಗಲಿ, ಕನ್ನಡದ ಕಾಗುಣಿತವಾಗಲಿ, ದಾರಿಯ ಯಾವುದೋ ಒಂದು ಯಂತ್ರದಲ್ಲಿ ಆ ಬಿಟ್ಟನ್ನು ಕಳೆದುಕೊಂಡು ವಿರೂಪವಾಗಿ ಹೊರಬೀಳುವ ಅಪಾಯವಿದ್ದಿತು.

ಅಪಾಯ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಒಂದು ಸಾಲಿನಲ್ಲಿ ಒಂಟಿ ಚುಕ್ಕಿಯೊಂದು ಬಂದರೆ ಪತ್ರ ಅಲ್ಲಿಗೆ ಮುಗಿಯಿತೆಂದೇ ಎಸ್‌ಎಂಟಿಪಿಯ ಅರ್ಥವಾದುದರಿಂದ, ಸಾಲಿನ ಮೊದಲಲ್ಲಿ ಚುಕ್ಕಿಯಿದ್ದರೆ ಕಳುಹಿಸುವ ಯಂತ್ರ ಅದಕ್ಕೆ ಇನ್ನೊಂದು ಚುಕ್ಕಿಯನ್ನು ಸೇರಿಸಬೇಕು, ಪಡೆಯುವ ಯಂತ್ರ ಅದನ್ನು ತೆಗೆಯಬೇಕು. ಯೂನಿಕ್ಸ್ ಯಂತ್ರಗಳ ಟಪಾಲುಕಡತದಲ್ಲಿ 'ಫ್ರಂ' ಎಂಬ ಪದದಿಂದ ಆರಂಭವಾದ ಸಾಲೇ ಹೊಸ ಪತ್ರದ ಗುರುತಾಗಿದ್ದುದರಿಂದ, ಪತ್ರದ ಒಡಲಿನಲ್ಲಿ ಯಾರಾದರೂ ಒಂದು ವಾಕ್ಯವನ್ನು ಆ ಪದದಿಂದ ತೊಡಗಿದರೆ ಅದರ ಮುಂದೆ ಬಾಣದ ಗುರುತೊಂದು ತಾನಾಗಿ ಬಂದು ಕೂಡುತ್ತಿದ್ದಿತು. ಸಾಲಿನ ಕೊನೆಯ ಖಾಲಿ ಜಾಗಗಳನ್ನು ಕೆಲವು ಯಂತ್ರಗಳು ಅಳಿಸುತ್ತಿದ್ದುವು. ಐಬಿಎಂನ ದೊಡ್ಡ ಯಂತ್ರಗಳು ಎಬ್ಸಿಡಿಕ್ ಎಂಬ ಬೇರೊಂದು ಪಟ್ಟಿಯನ್ನು ಅನುಸರಿಸುತ್ತಿದ್ದುದರಿಂದ ಅವುಗಳ ಮೂಲಕ ಹಾದುಹೋದ ಪತ್ರದಲ್ಲಿ ಪುಷ್ಪಾವರಣ ಚಿಹ್ನೆಗಳಂತಹವು ಬೇರೆ ಚಿಹ್ನೆಗಳಾಗಿ ಮಾರ್ಪಡುತ್ತಿದ್ದುವು. ಇವೆಲ್ಲ ದುರುದ್ದೇಶದಿಂದ ಆದುವಲ್ಲ. ಪ್ರತಿಯೊಂದು ಯಂತ್ರವೂ ತನಗೆ ತಿಳಿದಂತೆ ಉಪಕಾರವನ್ನೇ ಮಾಡುತ್ತಿದ್ದಿತು.

ಇಂತಹ ಮಾರ್ಗವನ್ನು ಒಮ್ಮೆಗೇ ಅಗೆದು ಹಿಗ್ಗಿಸುವುದು ಯಾರಿಂದಲೂ ಆಗತಕ್ಕ ಕಾರ್ಯವಾಗಿರಲಿಲ್ಲ, ಏಕೆಂದರೆ ಅದರ ಯಂತ್ರಗಳು ನೂರಾರು ಸಂಸ್ಥೆಗಳ ಒಡೆತನದಲ್ಲಿ ಹಂಚಿಹೋಗಿದ್ದುವು. ಆದುದರಿಂದ ಜಾಣರು ಮಾರ್ಗವನ್ನು ಇದ್ದಂತೆಯೇ ಬಿಟ್ಟು, ಅದರಲ್ಲಿ ಕೆಡದೆ ಹೋಗುವ ರೂಪವನ್ನು ಬರಹಕ್ಕೆ ಕೊಡುವ ಯೋಚನೆ ಮಾಡಿದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮೇರಿ ಆ್ಯನ್ ಹಾರ್ಟನ್ 1980ರ ವೇಳೆಗೇ ರಚಿಸಿದ ಯುಯುಎನ್‌ಕೋಡ್ ಎಂಬ ಸಾಧನದ ಮರ್ಮ ಬಹು ಸರಳ: ಮೂರು ಬೈಟುಗಳನ್ನು, ಎಂದರೆ 24 ಬಿಟ್ಟುಗಳನ್ನು, ಆರಾರರ ನಾಲ್ಕು ಪಾಲುಗಳಾಗಿ ಹಂಚುವುದು, ಆರು ಬಿಟ್ಟುಗಳಿಂದ 64 ಸಂಖ್ಯೆಗಳು ಮಾತ್ರ ಸಾಧ್ಯವಾದುದರಿಂದ ಒಂದೊಂದು ಸಂಖ್ಯೆಗೂ ಮುದ್ರಿಸಬಹುದಾದ ಒಂದೊಂದು ಚಿಹ್ನೆಯನ್ನು ನಿಯಮಿಸುವುದು. ಪಡೆದವನು ಅದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡಿದರೆ ಮೂಲದ್ರವ್ಯ ಯಥಾಸ್ಥಿತಿಯಲ್ಲಿ ದೊರೆಯುತ್ತಿದ್ದಿತು. ಆದರೆ ಆ ಚಿಹ್ನೆಗಳಲ್ಲಿ ಖಾಲಿ ಜಾಗವೂ ಒಂದಾಗಿತ್ತಾಗಿ, ಅದನ್ನು ಅಳಿಸುವ ಯಂತ್ರಗಳ ಕೈಯಲ್ಲಿ ಈ ಉಪಾಯವೂ ಆಗಾಗ ಸೋಲುತ್ತಿದ್ದಿತು.

1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬಿಬ್ಬರು ಮೈಮ್ ಎಂಬ ವಿಧಾನವನ್ನು ಪ್ರಕಟಿಸಿದಾಗ ಈ ಕೊರತೆ ನೀಗಿತು. ಅದರಲ್ಲಿ ಸ್ವೀಕೃತವಾದ ಬೇಸ್64 ಎಂಬ ಪದ್ಧತಿಯ ಚಿಹ್ನೆಗಳು ರೋಮನ್ ಲಿಪಿಯ 26 ದೊಡ್ಡಕ್ಷರ, 26 ಸಣ್ಣಕ್ಷರ, ಹತ್ತು ಅಂಕಿ, ಕೂಡುವ ಗುರುತು ಮತ್ತು ಓರೆಗೆರೆ. ಆಸ್ಕಿಯ ಎಲ್ಲ ದೇಶೀಯ ಪಾಠಗಳಲ್ಲಿಯೂ ಎಬ್ಸಿಡಿಕ್‌ನ ಎಲ್ಲ ಪ್ರಭೇದಗಳಲ್ಲಿಯೂ ತಪ್ಪದೆ ಇರುವ ಚಿಹ್ನೆಗಳು ಇವೆಂಬ ಕಾರಣದಿಂದಲೇ ಇವನ್ನು ಆಯ್ದುಕೊಂಡರು. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಬೊರೆನ್‌ಸ್ಟೈನ್ ತಾನು ಸೇರಿದ್ದ ನಾಲ್ವರು ಹಾಡುಗಾರರ ತಂಡದ ಚಿತ್ರವನ್ನೂ ಹಾಡನ್ನೂ ಪರೀಕ್ಷಾರ್ಥವಾಗಿ ಲಗತ್ತಿಸಿ ಕಳುಹಿಸಿದನು. ಇಂದು ಲೋಕದಲ್ಲಿ ಹರಿದಾಡುವ ಪ್ರತಿಯೊಂದು ಮದುವೆಯ ಕರೆಯೋಲೆ, ಪ್ರತಿಯೊಂದು ಬಯೋಡೇಟಾ ಆ ಪತ್ರದ ಸಂತತಿಯೇ ಸರಿ.

ಮೈಮ್ ವಿಧಾನದ ಹಿರಿಮೆಯಿರುವುದು ಈ 64 ಚಿಹ್ನೆಗಳಲ್ಲಿ ಮಾತ್ರವಲ್ಲ. ಪತ್ರದ ತಲೆಬರಹದಲ್ಲಿ ಎರಡು ಸಂಗತಿಗಳನ್ನು ಸ್ಪಷ್ಟವಾಗಿ ಘೋಷಿಸಬೇಕೆಂದು ಅದು ವಿಧಿಸಿತು: ಈ ಬರಹ ಯಾವ ಅಕ್ಷರಪಟ್ಟಿಯನ್ನು ಅನುಸರಿಸಿದೆ ಎಂಬುದೊಂದು, ಪ್ರಯಾಣಕ್ಕಾಗಿ ಅದನ್ನು ಯಾವ ರೂಪಕ್ಕೆ ತಿರುಗಿಸಲಾಗಿದೆ ಎಂಬುದು ಇನ್ನೊಂದು. ಕಳುಹಿಸುವವನು ಸತ್ಯವನ್ನು ಹೇಳಿದರೆ, ಅವನನ್ನು ಕಂಡರಿಯದ, ಅವನ ಭಾಷೆಯನ್ನೂ ಅರಿಯದ ಯಂತ್ರವೊಂದು ಭೂಮಿಯ ಆಚೆಯ ಮಗ್ಗುಲಿನಲ್ಲಿ ಅವನ ಬರಹವನ್ನು ಒಂದು ಒತ್ತಕ್ಷರವೂ ತಪ್ಪದಂತೆ ಮರಳಿ ಮೂಡಿಸಬಲ್ಲದು. ಘೋಷಣೆ ಸುಳ್ಳಾದರೆ, ಅಕ್ಷರಗಳೆಲ್ಲ ಯಥಾವತ್ತಾಗಿ ತಲಪಿದರೂ ಅರ್ಥ ಮಾತ್ರ ತಲಪದು.

ಕನ್ನಡಕ್ಕೆ ಈ ಲೆಕ್ಕ ಹೇಗೆ ಅನ್ವಯಿಸುತ್ತದೆಂಬುದನ್ನು ನೋಡಬಹುದು. ಹಲವು ಲಿಪಿಗಳಿಗೆ ಒಂದೇ ಸಂಕೇತಪಟ್ಟಿಯಾದ ಯೂನಿಕೋಡಿನ, 1991ರ ಅಕ್ಟೋಬರಿನಲ್ಲಿ ಹೊರಬಂದ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ಮೀಸಲಾಗಿದ್ದಿತು. ಮರುವರ್ಷ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ಅಲ್ಲಿನ ಒಂದೊಂದು ಚಿಹ್ನೆಯೂ ಮೂರು ಬೈಟುಗಳಾಗುತ್ತದೆ. ಬೇಸ್64 ಮೂರನ್ನು ನಾಲ್ಕು ಮಾಡುವ ಪದ್ಧತಿಯಾದುದರಿಂದ ಕನ್ನಡದ ಒಂದು ಚಿಹ್ನೆ ಅದರಲ್ಲಿ ಸರಿಯಾಗಿ ನಾಲ್ಕು ಚಿಹ್ನೆಗಳಾಗಿ ಪರಿಣಮಿಸುತ್ತದೆ. 'ಕ' ಎಂಬ ಅಕ್ಷರ ಹೀಗೆ ವೇಷ ತೊಟ್ಟಾಗ ನಾಲ್ಕರ ಅಂಕಿ, ಎಲ್, ಕೆ, ವಿ ಎಂಬ ಸಾಲಾಗುತ್ತದೆ. 'ಕನ್ನಡ' ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರ ಮೂರಾದರೂ ಯಂತ್ರದ ಎಣಿಕೆಯಲ್ಲಿ ಹಲಂತಚಿಹ್ನೆಯೂ ಸೇರಿ ಐದು ಚಿಹ್ನೆಗಳಿವೆ. ಅವು ಹದಿನೈದು ಬೈಟುಗಳಾಗಿ, ಬೇಸ್64ರಲ್ಲಿ 20 ಚಿಹ್ನೆಗಳಾಗಿ ಸಾಗುತ್ತವೆ. ಮೈಮ್ ವಿಧಾನದ ಇನ್ನೊಂದು ಪದ್ಧತಿಯಾದ ಕ್ವೋಟೆಡ್ ಪ್ರಿಂಟಬಲ್ ಒಂದೊಂದು ಬೈಟನ್ನೂ ಸಮಚಿಹ್ನೆ ಮತ್ತು ಎರಡು ಅಂಕಾಕ್ಷರಗಳಾಗಿ ಬರೆಯುವುದರಿಂದ ಅಲ್ಲಿ ಅದೇ ಪದಕ್ಕೆ 45 ಚಿಹ್ನೆಗಳು ಬೇಕು. ರೋಮನ್ ಅಕ್ಷರಗಳ ನಡುವೆ ಅಲ್ಲೊಂದು ಇಲ್ಲೊಂದು ಸ್ವರಚಿಹ್ನೆ ಬರುವ ಯೂರೋಪಿನ ಭಾಷೆಗಳಿಗೆ ಅದು ಒಗ್ಗಿತೇ ಹೊರತು ನಮಗೆ ಒಗ್ಗತಕ್ಕದ್ದಲ್ಲ. ಪತ್ರದ ವಿಷಯಸೂಚಕ ಸಾಲಿನಲ್ಲಂತೂ ನಿರ್ಬಂಧ ಇನ್ನೂ ಬಿಗಿ: ಅಲ್ಲಿ ಒಂದು ಸಂಕೇತಖಂಡ 75 ಚಿಹ್ನೆಗಳನ್ನು ಮೀರಬಾರದೆಂಬ ನಿಯಮವಿದ್ದು, ಘೋಷಣೆಯ ಭಾಗವನ್ನು ಕಳೆದರೆ ಕನ್ನಡದ ಹದಿನೈದು ಚಿಹ್ನೆಗಳಿಗೆ ಮಾತ್ರ ಸ್ಥಳ ಉಳಿಯುತ್ತದೆ. ಉದ್ದದ ಸಾಲನ್ನು ಖಂಡಗಳಾಗಿ ಒಡೆಯುವಾಗ ಅಕ್ಷರದ ನಡುವೆ ಕತ್ತರಿಸಬಾರದೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಲಕ್ಷಿಸದೆ ಬರೆದ ತಂತ್ರಾಂಶಗಳಿಂದಲೇ ಕನ್ನಡದ ವಿಷಯಸೂಚಿಗಳಲ್ಲಿ ಪ್ರಶ್ನಾರ್ಥಕಗಳೂ ಖಾಲಿ ಚೌಕಗಳೂ ಕಾಣಿಸಿಕೊಳ್ಳುವುದು.

ಯುಟಿಎಫ್-8ರಲ್ಲಿ ಬರೆದ ಕನ್ನಡವನ್ನು ಪಶ್ಚಿಮ ಯೂರೋಪಿನ ಪಟ್ಟಿಯಲ್ಲಿದೆಯೆಂದು ತಪ್ಪಾಗಿ ಘೋಷಿಸಿದರೆ ಏನಾಗುತ್ತದೆಂಬುದನ್ನು ಕಂಡವರು ಅನೇಕರಿರಬಹುದು: ತಲೆಯ ಮೇಲೆ ಓರೆಗೀಟು ಹೊತ್ತ ರೋಮನ್ 'ಎ', ಅದರ ಪಕ್ಕದಲ್ಲಿ ವರ್ಗವನ್ನೋ ಘನವನ್ನೋ ಸೂಚಿಸುವ ಚಿಕ್ಕ ಅಂಕಿ, ಮತ್ತೆ ಅದೇ 'ಎ', ಮತ್ತೆ ಅದೇ ಅಂಕಿ, ಹೀಗೆ ಪುಟಗಟ್ಟಲೆ. ನಮ್ಮ ವಿಭಾಗದ ಪ್ರತಿಯೊಂದು ಚಿಹ್ನೆಯ ಮೊದಲೆರಡು ಬೈಟುಗಳು ಹೆಚ್ಚುಕಡಮೆ ಒಂದೇ ಆಗಿರುವುದರಿಂದ ಈ ಪುನರಾವೃತ್ತಿ. ವಿಚಾರಿಸಿ ನೋಡಿದರೆ ಆ ಪತ್ರದಲ್ಲಿ ಒಂದು ಬಿಟ್ಟೂ ನಷ್ಟವಾಗಿರುವುದಿಲ್ಲ. ಅದರ ನೆತ್ತಿಯ ಮೇಲಿನ ಒಂದು ಘೋಷಣೆ ಮಾತ್ರ ಅಸತ್ಯವಾಗಿರುತ್ತದೆ.

ಕನ್ನಡದ ಇ-ಮೇಲಿನ ಪೂರ್ವೇತಿಹಾಸದಲ್ಲಿ ಇಂತಹ ಅಸತ್ಯವೇ ಬಹುಕಾಲದ ನಿಯಮವಾಗಿದ್ದಿತೆಂಬುದು ಖೇದದ ಸಂಗತಿ. ಯೂನಿಕೋಡಿನಲ್ಲಿ ನಮಗೆ ಸ್ಥಾನ ದೊರೆತಿದ್ದರೂ ಅದನ್ನು ಅರಿತು ಅಕ್ಷರಗಳನ್ನು ಮೂಡಿಸಬಲ್ಲ ಕಂಪ್ಯೂಟರುಗಳು ಜನರ ಮನೆಗೆ ಬರಲು ಹತ್ತಾರು ವರ್ಷಗಳು ಹಿಡಿದುವು. ಆ ನಡುಗಾಲದಲ್ಲಿ ಬೇರೆಬೇರೆಯವರ ತಂತ್ರಾಂಶಗಳು, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ವೂ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಸೇರಿದಂತೆ, ಕನ್ನಡವನ್ನು ಕಂಪ್ಯೂಟರಿನಲ್ಲಿ ಬದುಕಿಸಿದ ಉಪಕಾರವನ್ನು ಯಾರೂ ಮರೆಯುವಂತಿಲ್ಲ. ಆದರೂ ಅಂದಿನ ಫಾಂಟುಗಳ ರಹಸ್ಯವೇನೆಂದರೆ, ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳ ಆಕೃತಿಗಳನ್ನು ಕೂರಿಸುವುದು. ಪತ್ರದ ತಲೆಬರಹ ತಾನು ಇಂಗ್ಲಿಷೆಂದು ಹೇಳುತ್ತಿದ್ದಿತು; ಒಡಲು ಕನ್ನಡವಾಗಿದ್ದಿತು; ಅದೇ ಫಾಂಟು ಇಲ್ಲದ ಯಂತ್ರದಲ್ಲಿ ಅದು ಎರಡರಲ್ಲಿ ಯಾವುದೂ ಆಗುತ್ತಿರಲಿಲ್ಲ. ಹೊರನಾಡಿನ ಕನ್ನಡಿಗರು ಬೇಸತ್ತು ತಾಯಿನುಡಿಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸಕ್ಕೆ ಬಿದ್ದರು. ಕಚೇರಿಗಳವರು ಅಕ್ಷರದ ಸಹವಾಸವೇ ಬೇಡವೆಂದು ಚಿತ್ರವನ್ನು ಕಳುಹಿಸಲು ಕಲಿತರು. ಅಂದಿನ ಪರಿಸ್ಥಿತಿಯಲ್ಲಿ ಎರಡೂ ಕ್ಷಮ್ಯವೇ. ಆದರೆ ರೋಗ ವಾಸಿಯಾದ ಮೇಲೂ ಪಥ್ಯವನ್ನು ಬಿಡದವರಂತೆ, ಯೂನಿಕೋಡ್ ಪ್ರತಿಯೊಂದು ಮೊಬೈಲಿನಲ್ಲಿಯೂ ನೆಲೆಸಿರುವ ಇಂದಿನ ದಿನವೂ ನಾವು ಅದೇ ಚಿತ್ರಗಳನ್ನು ಅಪ್ಪಿಕೊಂಡಿದ್ದೇವೆ.

ಇನ್ನು ಗೋಪ್ಯದ ವಿಚಾರ. ಬೇಸ್64ರಲ್ಲಿರುವ ಪತ್ರದ ಮೂಲವನ್ನು ತೆರೆದು ನೋಡಿದವನಿಗೆ ಅದು ಒಂದು ದುರ್ಭೇದ್ಯ ಗೂಢಲಿಪಿಯಂತೆಯೇ ತೋರುತ್ತದೆ, ಮತ್ತು ಈ ತೋರಿಕೆಯಿಂದಲೇ ಭ್ರಾಂತಿ ಹುಟ್ಟುತ್ತದೆ. ಕುಮುದೇಂದು ಮುನಿಯದೆನ್ನುವ ನಮ್ಮ 'ಸಿರಿಭೂವಲಯ'ವೂ ಅಕ್ಷರವನ್ನೇ ಬಿಟ್ಟು, 1ರಿಂದ 64ರವರೆಗಿನ ಅಂಕಿಗಳಿಂದ ತುಂಬಿದ 27 ಅಡ್ಡಸಾಲು, 27 ಕಂಬಸಾಲುಗಳ ಚಕ್ರಗಳಲ್ಲಿ ರಚಿತವಾದ ಗ್ರಂಥ; ಅದರ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲದಿದ್ದರೂ, ಅದನ್ನು ಓದುವುದು ಕಷ್ಟವೆಂಬುದರಲ್ಲಿ ಒಮ್ಮತವಿದೆ. ಯಾವ ಅಂಕಿಗೆ ಯಾವ ಧ್ವನಿಯೆಂದು ತಿಳಿದರೂ, ಯಾವ ಬಂಧವನ್ನು ಹಿಡಿದು ಮನೆಯಿಂದ ಮನೆಗೆ ನಡೆಯಬೇಕೆಂಬುದು ತಿಳಿಯದೆ ಅದು ಬಾಯಿಬಿಡದು. ಬೇಸ್64ರಲ್ಲಾದರೋ ಅಂತಹ ಬಂಧವಿಲ್ಲ, ಕೀಲಿಯಿಲ್ಲ. ಅದರ ಪಟ್ಟಿ ಲೋಕಕ್ಕೆಲ್ಲ ಪ್ರಕಟವಾಗಿದೆ, ಅದನ್ನು ಬಿಡಿಸುವ ಸಾಧನ ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಇದೆ, ಮತ್ತು ಯಾರು ಬೇಕಾದರೂ ಬಿಡಿಸಬೇಕೆಂಬುದೇ ಅದರ ಉದ್ದೇಶ.

ಈ ಭ್ರಾಂತಿಗೆ ಚರಿತ್ರೆಯಲ್ಲಿ ಒಂದು ನೆಪವೂ ಉಂಟು. ಇದೇ 64 ಚಿಹ್ನೆಗಳ ಪದ್ಧತಿ ಇ-ಮೇಲಿನ ನಿಯಮಾವಳಿಗಳಲ್ಲಿ ಮೊದಲು ಕಾಣಿಸಿಕೊಂಡದ್ದು 1987ರಲ್ಲಿ, ಪತ್ರಗಳ ಗೋಪ್ಯವನ್ನು ಕಾಪಾಡುವುದಕ್ಕೆಂದು ಆರಂಭವಾದ ಯೋಜನೆಯೊಂದರಲ್ಲಿ. ಅಲ್ಲಿ ಬರಹವನ್ನು ಮೊದಲು ಕೀಲಿಯಿಂದ ಗೂಢಗೊಳಿಸುತ್ತಿದ್ದರು. ಹಾಗೆ ದೊರೆತ ಅಸ್ತವ್ಯಸ್ತ ಬೈಟುಗಳು ಇಕ್ಕಟ್ಟಾದ ಮಾರ್ಗದಲ್ಲಿ ಕೆಡದಿರಲೆಂದು ಆಮೇಲೆ 64 ಚಿಹ್ನೆಗಳಿಗೆ ತಿರುಗಿಸುತ್ತಿದ್ದರು. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಜನಸಾಮಾನ್ಯರ ಕೈಗಿತ್ತ ಪಿಜಿಪಿ ಎಂಬ ಗೂಢಗೊಳಿಸುವ ತಂತ್ರಾಂಶದಲ್ಲಿಯೂ ಇದೇ ಅನುಕ್ರಮ. ಗೋಪ್ಯದ ಕಾರ್ಯ ಮೊದಲ ಹೆಜ್ಜೆಯದು, ಕ್ಷೇಮದ ಕಾರ್ಯ ಎರಡನೆಯದು. ಎರಡನೆಯದನ್ನು ಮಾತ್ರ ಉಳಿಸಿಕೊಂಡು ಮೊದಲನೆಯದೂ ಆಗಿದೆಯೆಂದು ನಂಬಿದವರು ಮಾಡಿಕೊಳ್ಳುವ ಅನರ್ಥ ಅಲ್ಪವಲ್ಲ. ಟಪಾಲು ಯಂತ್ರಕ್ಕೆ ಲಾಗಿನ್ ಆಗುವ ಒಂದು ಹಳೆಯ ವಿಧಾನದಲ್ಲಿ ಬಳಕೆದಾರನ ಹೆಸರೂ ಪಾಸ್‌ವರ್ಡೂ ಬರಿಯ ಬೇಸ್64ರಲ್ಲಿಯೇ ಹೋಗುತ್ತವೆ. ಆ ಸಂಪರ್ಕಕ್ಕೆ ಟಿಎಲ್‌ಎಸ್ ಎಂಬ ಗೂಢಾವರಣ ಇಲ್ಲದಿದ್ದರೆ ಅವನ್ನು ದಾರಿಯಲ್ಲಿ ಕೇಳಿಸಿಕೊಂಡವನಿಗೆ ಓದಲು ಒಂದು ಕ್ಷಣವೂ ಬೇಡ. ವಂಚಕರು ಈ ರೂಪಾಂತರವನ್ನು ನಮಗಿಂತ ಚೆನ್ನಾಗಿ ಬಲ್ಲರು: ದುಷ್ಟ ತಂತ್ರಾಂಶವನ್ನೂ ಮೋಸದ ಕೊಂಡಿಯನ್ನೂ ಅದರೊಳಗೆ ಅಡಗಿಸಿ, ಮೇಲುಮೇಲೆ ನೋಡುವ ಶೋಧಕಗಳ ಕಣ್ಣು ತಪ್ಪಿಸಲು ಯತ್ನಿಸುತ್ತಾರೆ.

ಜನರಿಗೆಂದು ಬರೆದುದನ್ನು ಚಿತ್ರವಾಗಿಯಲ್ಲದೆ ಪಠ್ಯವಾಗಿಯೇ ಕಳುಹಿಸಬೇಕೆಂಬ ನನ್ನ ಸೂಚನೆಗೆ ಬರಬಹುದಾದ ಆಕ್ಷೇಪಗಳನ್ನು ನಾನು ಅರಿಯದೆ ಇಲ್ಲ. ಸಹಿಮೊಹರುಗಳಿರುವ ಕಾಗದದ ಚಿತ್ರಕ್ಕೆ ಒಂದು ಪ್ರಾಮಾಣ್ಯವಿದೆ, ಬರಿಯ ಪಠ್ಯವನ್ನು ಯಾರು ಬೇಕಾದರೂ ತಿದ್ದಬಹುದು ಎಂಬುದು ಅವುಗಳಲ್ಲಿ ಮುಖ್ಯವಾದುದು. ಆದರೆ ಚಿತ್ರವನ್ನು ತಿದ್ದುವುದು ಇಂದು ಎಷ್ಟು ಸುಲಭವೆಂಬುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಪ್ರಾಮಾಣ್ಯವೇ ಬೇಕಾದರೆ ಅದಕ್ಕೆ ತಕ್ಕ ಸಾಧನ ಡಿಜಿಟಲ್ ಸಹಿ. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆ 2000ದಲ್ಲಿಯೇ ಅದಕ್ಕೆ ಮಾನ್ಯತೆ ಕೊಟ್ಟಿದೆ. ಅಂತಹ ಸಹಿಯಿರುವ ಕಡತದಲ್ಲಿ ಒಂದು ಅಲ್ಪವಿರಾಮವನ್ನು ಬದಲಿಸಿದರೂ ಸಹಿ ತಾಳೆಯಾಗುವುದಿಲ್ಲ, ಮತ್ತು ಅದರೊಳಗಿನ ಕನ್ನಡ ಪಠ್ಯವಾಗಿಯೇ ಇರಬಲ್ಲದು.

ಪಠ್ಯವಾಗಿ ಕಳುಹಿಸಿದರೆ ಕನ್ನಡ ಹಾದಿಯಲ್ಲಿ ಕೆಡುತ್ತದೆ, ಚಿತ್ರವಾದರೆ ಕೆಡದು ಎಂಬುದು ಎರಡನೆಯ ಆಕ್ಷೇಪ. ಹೀಗೆನ್ನುವವರು ಮರೆಯುವ ಸಂಗತಿಯೆಂದರೆ, ಆ ಚಿತ್ರವೂ ಇ-ಮೇಲಿನಲ್ಲಿ ಸಾಮಾನ್ಯವಾಗಿ ಅದೇ 64 ಚಿಹ್ನೆಗಳಾಗಿಯೇ ಸಾಗುವುದು, ಮತ್ತು ಹಾಗೆ ಸಾಗುವಾಗ ತನ್ನ ಗಾತ್ರದ ಮೂರರಲ್ಲೊಂದು ಪಾಲಿನಷ್ಟು ಹಿಗ್ಗುವುದು. ಎರಡು ಸಾವಿರ ಚಿಹ್ನೆಗಳ ಒಂದು ಪುಟ ಕನ್ನಡ ಯುಟಿಎಫ್-8ರಲ್ಲಿ ಆರು ಸಾವಿರ ಬೈಟುಗಳು, ಬೇಸ್64ರಲ್ಲಿ ಎಂಟು ಸಾವಿರ; ಅದೇ ಪುಟವನ್ನು ಸ್ಕ್ಯಾನ್ ಮಾಡಿದರೆ ಲೆಕ್ಕ ಲಕ್ಷಗಳಿಗೆ ಏರುವುದು ಸಾಮಾನ್ಯ. ಅಕ್ಷರ ಕೆಡುವುದೆಂಬ ಹೆದರಿಕೆಗೆ ಒಮ್ಮೆ ಆಧಾರವಿದ್ದಿತು, ಈಗಿಲ್ಲ. 1993ರಲ್ಲಿಯೇ ಎಂಟು ಬಿಟ್ಟುಗಳನ್ನೂ ಕೆಡಿಸದೆ ಒಯ್ಯುವ ವಿಸ್ತರಣೆ ಟಪಾಲಿನ ನಿಯಮಾವಳಿಗೆ ಸೇರಿತು. 2012ರಲ್ಲಿ ಬಂದ ಇನ್ನೊಂದು ವಿಸ್ತರಣೆಯಿಂದ ಇ-ಮೇಲಿನ ವಿಳಾಸವನ್ನು ಸಹ ನಮ್ಮ ಲಿಪಿಯಲ್ಲಿ ಬರೆಯುವುದು ನಿಯಮಬದ್ಧವಾಯಿತು. ಮಾರ್ಗ ನಮ್ಮ ಕಡೆಗೆ ಬಂದಾಗಿದೆ. ನಾವು ಅದರ ಕಡೆಗೆ ಹೆಜ್ಜೆಯಿಡುವುದು ಉಳಿದಿದೆ.

ಆದುದರಿಂದ ನಾನು ಕೇಳುವುದು ಹೊಸ ಸಂಶೋಧನೆಯನ್ನಲ್ಲ, ಬೊಕ್ಕಸಕ್ಕೆ ಭಾರವಾಗುವ ಯೋಜನೆಯನ್ನೂ ಅಲ್ಲ. ಜನರನ್ನು ಉದ್ದೇಶಿಸಿದ ಪ್ರತಿಯೊಂದು ಆದೇಶ, ಸುತ್ತೋಲೆ, ಪ್ರಕಟಣೆ, ಅದು ಸರ್ಕಾರದ್ದಿರಲಿ ವಿಶ್ವವಿದ್ಯಾಲಯದ್ದಿರಲಿ ಸಾಹಿತ್ಯ ಸಂಘದ್ದಿರಲಿ, ಯೂನಿಕೋಡ್ ಪಠ್ಯವಾಗಿಯೇ ಹೊರಡತಕ್ಕದ್ದು. ಸಹಿ ಬೇಕಾದೆಡೆ ಡಿಜಿಟಲ್ ಸಹಿ ಇರತಕ್ಕದ್ದು. ಹಳೆಯ ಫಾಂಟುಗಳಲ್ಲಿ ಉಳಿದಿರುವ ಕಡತಗಳನ್ನು, ಅವನ್ನು ಓದಬಲ್ಲ ಯಂತ್ರಗಳೂ ಜನರೂ ಇರುವಾಗಲೇ, ಯೂನಿಕೋಡಿಗೆ ಪರಿವರ್ತಿಸಿಡತಕ್ಕದ್ದು. ವ್ಯಕ್ತಿಯ ಖಾಸಗಿ ದಾಖಲೆಗಳನ್ನಾದರೋ ಕೀಲಿಯಿಲ್ಲದ ಇ-ಮೇಲಿನಲ್ಲಿ ತರಿಸಿಕೊಳ್ಳುವ ಪದ್ಧತಿಯನ್ನು ಕಚೇರಿಗಳು ಕೈಬಿಡಬೇಕು. ಗೂಢಾವರಣವಿರುವ ಜಾಲತಾಣದಲ್ಲಿಯೇ ಅವನ್ನು ಸ್ವೀಕರಿಸುವ ಏರ್ಪಾಡು ಆಗಬೇಕು, ಅದು ಆಗದ ಕಡೆ ಪಾಸ್‌ವರ್ಡಿನಿಂದ ಗೂಢಗೊಳಿಸಿದ ಕಡತವನ್ನು ಇ-ಮೇಲಿನಲ್ಲಿಯೂ ಅದರ ಪಾಸ್‌ವರ್ಡನ್ನು ದೂರವಾಣಿಯಲ್ಲಿಯೂ ಬೇರೆಬೇರೆಯಾಗಿ ಪಡೆಯುವ ಎಚ್ಚರವಾದರೂ ಇರಬೇಕು. ಕಳುಹಿಸುವ ಗುಂಡಿಯನ್ನು ಒತ್ತುವ ಮುನ್ನ ಈ ಬರಹ ಎಲ್ಲರಿಗೋ ಒಬ್ಬನಿಗೋ ಎಂದು ಕೇಳಿಕೊಳ್ಳುವ ಗುಮಾಸ್ತನಿಗೆ ಮುಂದಿನ ಕ್ರಮ ತಾನಾಗಿ ತಿಳಿಯುತ್ತದೆ. ಆ ಪ್ರಶ್ನೆಯನ್ನು ಅವನ ಕೆಲಸದ ಭಾಗವನ್ನಾಗಿ ಮಾಡುವ ಹೊಣೆ ಅವನ ಮೇಲಧಿಕಾರಿಗಳದು.